ಕೋರ್ಟ್ ಆದೇಶವಿದ್ದರೂ ಪಹಣಿ ತಿದ್ದುತ್ತಿಲ್ಲವೇ? ನ್ಯಾಯಾಂಗ ನಿಂದನೆ ಅರ್ಜಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೈಕೋರ್ಟಿನಲ್ಲಿ ಗೆದ್ದು ಬಂದವರು ಮುಂದಿನ ವಾರವೇ ಪಹಣಿಯಲ್ಲಿ ಹೆಸರು ಬರುತ್ತದೆ ಅಂದುಕೊಂಡಿರುತ್ತಾರೆ. ಆರು ತಿಂಗಳಾದರೂ ಮಾಲೀಕರ ಹೆಸರಿನ ಕಾಲಂ 9ರಲ್ಲಿ ಹಳೆಯ ಹೆಸರೇ ಕೂತಿರುತ್ತದೆ. ತಾಲೂಕು ಕಚೇರಿಗೆ ಹೋದರೆ ಕಡತ ಎ.ಸಿ. (ಉಪವಿಭಾಗಾಧಿಕಾರಿ) ಆಫೀಸಿನಲ್ಲಿದೆ ಎನ್ನುತ್ತಾರೆ, ಅಲ್ಲಿ ಕೇಳಿದರೆ ತಾಲೂಕಿಗೆ ವಾಪಸ್ ಹೋಗಿದೆ ಎನ್ನುತ್ತಾರೆ. ಆಗ ಯಾರಾದರೂ ‘ಕಂಟೆಂಪ್ಟ್ (ನ್ಯಾಯಾಂಗ ನಿಂದನೆ ಅರ್ಜಿ) ಹಾಕಿ’ ಎಂಬ ಸಲಹೆ ಕೊಡುತ್ತಾರೆ. ಹಾಕುವ ಮೊದಲು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ. ಉತ್ತರಗಳು ಮುಖ್ಯವಾಗಿ ಕರ್ನಾಟಕದ ಕಂದಾಯ ದಾಖಲೆಗಳಿಗೆ ಸಂಬಂಧಿಸಿದವು.

ಅಧಿಕಾರಿ ಆದೇಶ ಪಾಲಿಸದಿದ್ದರೆ ಅದು ತಾನಾಗಿಯೇ ನ್ಯಾಯಾಂಗ ನಿಂದನೆ ಆಗುತ್ತದೆಯೇ?

ಇಲ್ಲ. 1971ರ ನ್ಯಾಯಾಲಯ ನಿಂದನೆ ಕಾಯ್ದೆಯ ಕಲಂ 2(ಬಿ) ಪ್ರಕಾರ ಉಲ್ಲಂಘನೆ ಉದ್ದೇಶಪೂರ್ವಕವಾಗಿರಬೇಕು. ಆದೇಶ ಇರುವುದು ಗೊತ್ತಿತ್ತು, ಪಾಲಿಸಲು ಸಾಧ್ಯವಿತ್ತು, ಆದರೂ ಪಾಲಿಸಲಿಲ್ಲ: ಈ ಮೂರನ್ನೂ ನೀವು ತೋರಿಸಬೇಕು. ಆದೇಶದ ಪ್ರತಿ ಕೈಗೆ ಬಂದೇ ಇಲ್ಲ ಎಂದು ಅಧಿಕಾರಿ ಹೇಳಿ, ಬಂದಿದೆ ಎಂದು ತೋರಿಸಲು ನಿಮ್ಮ ಬಳಿ ಏನೂ ಇಲ್ಲದಿದ್ದರೆ ಮೊದಲ ದಿನವೇ ಅರ್ಜಿ ಸೊರಗುತ್ತದೆ.

ಇದು ಸಿವಿಲ್ ನಿಂದನೆ. ನ್ಯಾಯಾಧೀಶರನ್ನು ಬೈಯುವುದು, ಕೋರ್ಟಿನ ಘನತೆಗೆ ಧಕ್ಕೆ ತರುವುದು ಕ್ರಿಮಿನಲ್ ನಿಂದನೆ, ಅದರ ದಾರಿಯೇ ಬೇರೆ. ಅಡ್ವೊಕೇಟ್ ಜನರಲ್ ಒಪ್ಪಿಗೆ ಬೇಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ಒಪ್ಪಿಗೆಯ ಮಾತು ಕ್ರಿಮಿನಲ್ ನಿಂದನೆಗೆ ಸಂಬಂಧಿಸಿದ್ದು, ಪಹಣಿ ತಿದ್ದದ ತಹಸೀಲ್ದಾರರ ಮೇಲಿನ ಅರ್ಜಿಗೆ ಅದು ಬೇಕಿಲ್ಲ.

ನನ್ನ ಬಳಿ ಇರುವುದು ಉಪವಿಭಾಗಾಧಿಕಾರಿ ಆದೇಶ. ತಹಸೀಲ್ದಾರ್ ಪಾಲಿಸುತ್ತಿಲ್ಲ. ನೇರವಾಗಿ ನಿಂದನೆ ಅರ್ಜಿ ಹಾಕಬಹುದೇ?

ಹೆಚ್ಚು ಜನ ಎಡವುವುದು ಇಲ್ಲೇ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 136(2)ರಲ್ಲಿ ಎ.ಸಿ. ಮುಂದೆ ಮೇಲ್ಮನವಿ, 136(3)ರಲ್ಲಿ ಡಿ.ಸಿ. (ಜಿಲ್ಲಾಧಿಕಾರಿ) ಮುಂದೆ ಪುನರ್‌ಪರಿಶೀಲನೆ. ಅಲ್ಲಿ ಗೆದ್ದ ಆದೇಶವನ್ನು ತಹಸೀಲ್ದಾರ್ ಮೂಲೆಗೆ ಹಾಕಿದರೆ ನಡೆಯುವ ದಾರಿ ಎಂದರೆ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ (ಅಧಿಕಾರಿಗೆ ನಿರ್ದೇಶನ ಕೋರುವ ಅರ್ಜಿ) ಹಾಕಿ, ‘ಇಂಥ ದಿನಾಂಕದ ಎ.ಸಿ. ಆದೇಶವನ್ನು ಇಷ್ಟು ವಾರದೊಳಗೆ ಜಾರಿ ಮಾಡಿ’ ಎಂಬ ನಿರ್ದೇಶನ ಪಡೆಯುವುದು. ಅದನ್ನೂ ಪಾಲಿಸದಿದ್ದಾಗ ನಿಂದನೆ ಅರ್ಜಿಗೆ ಗಟ್ಟಿ ನೆಲ ಸಿಗುತ್ತದೆ. ಒಂದು ಮೆಟ್ಟಿಲು ಹೆಚ್ಚಾಯಿತು ಅನ್ನಿಸುವುದು ನಿಜ. ಆದರೆ ಈ ಮೆಟ್ಟಿಲು ಬಿಟ್ಟು ಹಾರಿದವರು ವರ್ಷ ಕಳೆದು ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತಾರೆ.

ಸಿವಿಲ್ ಕೋರ್ಟ್ ಡಿಕ್ರಿ ಇದ್ದರೆ?

ಡಿಕ್ರಿಗೆ (ಸಿವಿಲ್ ದಾವೆಯ ತೀರ್ಮಾನಕ್ಕೆ) ಅದನ್ನು ಜಾರಿಗೆ ತರಿಸುವ ಅಮಲ್ಜಾರಿ ಅರ್ಜಿ ಎಂಬ ಸ್ವಂತ ದಾರಿ ಇದೆ. ಅಧೀನ ನ್ಯಾಯಾಲಯಗಳ ನಿಂದನೆಯನ್ನು ಶಿಕ್ಷಿಸುವ ಅಧಿಕಾರ ನಿಂದನೆ ಕಾಯ್ದೆಯ ಕಲಂ 10ರಲ್ಲಿ ಹೈಕೋರ್ಟಿಗೆ ಇದ್ದರೂ, ಅಮಲ್ಜಾರಿಯಲ್ಲಿ ಆಗುವ ಕೆಲಸಕ್ಕೆ ನಿಂದನೆ ಅರ್ಜಿ ಹಿಡಿದು ಹೋದರೆ ಸಾಮಾನ್ಯವಾಗಿ ಅಲ್ಲಿಗೇ ವಾಪಸ್ ಕಳಿಸುತ್ತಾರೆ. ಡಿಕ್ರಿ ಅಮಲ್ಜಾರಿಗೆ 12 ವರ್ಷ ಅವಧಿ. ಆದರೆ ‘ಇಂಥದ್ದನ್ನು ಮಾಡಿಕೊಡು’ ಎಂಬ ಆಜ್ಞಾಪಕ ತಡೆಯಾಜ್ಞೆಯ ಡಿಕ್ರಿಗೆ 3 ವರ್ಷ ಮಾತ್ರ. ಈ ವ್ಯತ್ಯಾಸ ಗೊತ್ತಿಲ್ಲದೆ ಅವಧಿ ಕಳೆದುಕೊಂಡವರು ಇದ್ದಾರೆ.

ಹಕ್ಕು ಯಾರದ್ದೆಂದು ಸಾರುವ ಘೋಷಣಾ ಡಿಕ್ರಿಯಾದರೆ ಭೂಕಂದಾಯ ಕಾಯ್ದೆಯ ಕಲಂ 135 ನಿಮ್ಮ ಪರ ಇದೆ: ಡಿಕ್ರಿಗೆ ಅನುಗುಣವಾಗಿ ಹಕ್ಕುದಾಖಲೆಯನ್ನು ತಿದ್ದಬೇಕು. ವಿಭಾಗದ ದಾವೆಯಲ್ಲಿ, ಯಾರಿಗೆ ಎಷ್ಟು ಪಾಲು ಎಂದಷ್ಟೇ ಹೇಳುವ ಪ್ರಾಥಮಿಕ ಡಿಕ್ರಿ ಹಿಡಿದು ಪಹಣಿ ಮಾಡಿಕೊಡಿ ಎಂದರೆ ತಹಸೀಲ್ದಾರ್ ಇಲ್ಲ ಎನ್ನುತ್ತಾರೆ. ಬೇಜಾರಾದರೂ ಅಲ್ಲಿ ಅವರೇ ಸರಿ. ಅಂತಿಮ ಡಿಕ್ರಿ ಆಗಬೇಕು, ಯಾರಿಗೆ ಯಾವ ತುಂಡು ಎಂಬುದು ಅಳತೆಯಾಗಿ ನಿರ್ಧಾರವಾಗಬೇಕು.

ದಾವೆ ನಡೆಯುತ್ತಿದೆ, ಯಥಾಸ್ಥಿತಿ ಆದೇಶ ಇದೆ. ಆದರೂ ಎದುರಿನವರ ಹೆಸರಿಗೆ ಮ್ಯುಟೇಶನ್ (ಹಕ್ಕು ಬದಲಾವಣೆ) ಆಗಿಬಿಟ್ಟಿದೆ. ಏನು ಮಾಡಲಿ?

ತಡೆಯಾಜ್ಞೆ ಕೊಟ್ಟ ಕೋರ್ಟಿಗೇ ಹೋಗಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39 ನಿಯಮ 2ಎ ಅಡಿ ಅದೇ ನ್ಯಾಯಾಲಯ ಉಲ್ಲಂಘಿಸಿದವರ ಆಸ್ತಿ ಜಪ್ತಿ ಮಾಡಬಹುದು, 3 ತಿಂಗಳವರೆಗೆ ಸಿವಿಲ್ ಬಂಧನದಲ್ಲಿಡಬಹುದು.

ತಹಸೀಲ್ದಾರರು ಆ ದಾವೆಯಲ್ಲಿ ಪಕ್ಷಕಾರರೇ ಅಲ್ಲದಿದ್ದರೆ, ಅವರಿಗೆ ಆದೇಶ ತಿಳಿದಿತ್ತೇ ಎಂಬುದೇ ದೊಡ್ಡ ಪ್ರಶ್ನೆ. ಅದಕ್ಕೇ ತಡೆಯಾಜ್ಞೆ ಸಿಕ್ಕ ವಾರದಲ್ಲೇ ಅದರ ಪ್ರತಿಯನ್ನು ತಾಲೂಕು ಕಚೇರಿಗೆ ಕೊಟ್ಟು, ಪಹಣಿಯಲ್ಲಿ ಸಾಲ, ನಿರ್ಬಂಧ ಬರೆಯುವ ಕಾಲಂ 11ರಲ್ಲಿ ನಮೂದಿಸಲು ಅರ್ಜಿ ಹಾಕಬೇಕು. ಕಾಲಂ 11ರಲ್ಲಿ ಕೋರ್ಟ್ ಆದೇಶ ಕಾಣುತ್ತಿದ್ದರೆ ಜಮೀನು ಕೊಳ್ಳಲು ಬಂದವನೂ ಒಮ್ಮೆ ಯೋಚಿಸುತ್ತಾನೆ.

ಹೈಕೋರ್ಟ್ ಆದೇಶ ಸಿಕ್ಕಿದೆ. ಮೊದಲು ಏನು ಮಾಡಬೇಕು?

ಆದೇಶದ ಕೊನೆಯ ಪ್ಯಾರಾವನ್ನು ಎರಡು ಸಲ ಓದಿ. ‘ಅರ್ಜಿದಾರರ ಮನವಿಯನ್ನು ಕಾನೂನು ಪ್ರಕಾರ ಪರಿಗಣಿಸಿ 8 ವಾರದಲ್ಲಿ ಆದೇಶ ಮಾಡುವುದು’ ಎಂದಿದೆಯೇ, ಅಥವಾ ‘ಅರ್ಜಿದಾರರ ಹೆಸರನ್ನು ಹಕ್ಕುದಾಖಲೆಯಲ್ಲಿ ನಮೂದಿಸುವುದು’ ಎಂದಿದೆಯೇ? ಮೊದಲನೆಯದರಲ್ಲಿ ತಹಸೀಲ್ದಾರ್ ನಿಮ್ಮ ಅರ್ಜಿ ನೋಡಿ, ಕಾರಣ ಬರೆದು, ವಜಾ ಮಾಡಿದರೂ ಆದೇಶ ಪಾಲಿಸಿದಂತೆಯೇ. ಆ ವಜಾ ಆದೇಶ ತಪ್ಪಾಗಿರಬಹುದು, ಕೋಪ ಬರಿಸುವಂತಿರಬಹುದು. ಆದರೆ ಅದು ಹೊಸ ವ್ಯಾಜ್ಯಕಾರಣ, ಅದನ್ನು ಹೊಸದಾಗಿ ಪ್ರಶ್ನಿಸಬೇಕೇ ಹೊರತು ನಿಂದನೆ ಅರ್ಜಿಯಲ್ಲಿ ಅಲ್ಲ. ಜೆ.ಎಸ್. ಪರಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೀಗೆ ಹೇಳಿದೆ. ಸರ್ಕಾರಿ ವಕೀಲರು ಅದನ್ನು ಇಂದಿಗೂ ಮೊದಲ ದಿನವೇ ಮುಂದಿಡುತ್ತಾರೆ.

ನಿಂದನೆ ಅರ್ಜಿಯ ಸೋಲು ಗೆಲುವು ಬಹುಪಾಲು ರಿಟ್ ಅರ್ಜಿಯ ಕೋರಿಕೆಯಲ್ಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಬೇಗ ಮುಗಿಯಲಿ ಎಂದು ‘ಪರಿಗಣಿಸಲು ನಿರ್ದೇಶಿಸಿದರೆ ಸಾಕು’ ಎಂದು ಒಪ್ಪಿಕೊಂಡು ಬಂದರೆ, ಆಮೇಲೆ ಅದಕ್ಕಿಂತ ಹೆಚ್ಚಿನದನ್ನು ನಿಂದನೆ ಪೀಠ ಕೊಡಲಾರದು. ಮೂಲ ಆದೇಶದಲ್ಲಿ ಇಲ್ಲದ್ದನ್ನು ಅಲ್ಲಿ ಸೇರಿಸುವಂತಿಲ್ಲ. ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಮ್ಯುಟೇಶನ್ ನಂಬರ್, ಯಾವ ಅಧಿಕಾರಿ, ಎಷ್ಟು ವಾರ ಎಂಬುದೆಲ್ಲ ಆದೇಶದಲ್ಲೇ ಬರುವಂತೆ ನಿಮ್ಮ ವಕೀಲರಿಗೆ ಮುಂಚೆಯೇ ಹೇಳಿ.

ಆದೇಶದ ಪ್ರತಿಯನ್ನು ಹೇಗೆ ಕೊಡಬೇಕು?

ಸಣ್ಣ ಕೆಲಸದಂತೆ ಕಾಣುತ್ತದೆ, ಆದರೆ ಪ್ರಕರಣ ನಿಲ್ಲುವುದು ಇದರ ಮೇಲೆ. ದೃಢೀಕೃತ ಪ್ರತಿಯ ಜೊತೆ ಒಂದು ಪುಟದ ಮುಖಪತ್ರ ಇಡಿ. ಅದರಲ್ಲಿ ರಿಟ್ ಅರ್ಜಿ ಸಂಖ್ಯೆ, ಆದೇಶದ ದಿನಾಂಕ, ಕೊನೆಯ ಪ್ಯಾರಾದ ಪೂರ್ಣ ಪಾಠ, ಗಡುವು ಮುಗಿಯುವ ದಿನ ಇರಲಿ. ಎರಡು ಸೆಟ್ ಒಯ್ಯಿರಿ. ಟಪಾಲು ಶಾಖೆಯಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಗುಂಡು ಮೊಹರು, ದಿನಾಂಕ, ಇನ್‌ವರ್ಡ್ ನಂಬರ್, ಪಡೆದವರ ಸಹಿ ಹಾಕಿಸಿಕೊಳ್ಳಿ. ಬರೀ ಮೊಹರು ಒತ್ತಿ ಕೊಡುತ್ತಾರೆ. ನಂಬರ್ ಇಲ್ಲದ ಮೊಹರಿಗೆ ಬೆಲೆ ಕಡಿಮೆ, ಏಕೆಂದರೆ ರಿಜಿಸ್ಟರ್ ತೆಗೆಸಿದಾಗ ನಿಮ್ಮ ಪತ್ರ ಅಲ್ಲಿ ಇರುವುದೇ ಇಲ್ಲ.

ಸಾಹೇಬರು ಸಹಿ ಮಾಡದೆ ಟಪಾಲು ತಗೊಳ್ಳುವುದಿಲ್ಲ ಎಂದು ಗುಮಾಸ್ತರು ಹೇಳಿದರೆ ಜಗಳಕ್ಕೆ ಇಳಿಯಬೇಡಿ. ಹೊರಗೆ ಬಂದು ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸಿ, ತಲುಪಿದ ವಿವರದ ಪ್ರಿಂಟ್ ಇಟ್ಟುಕೊಳ್ಳಿ. ತಹಸೀಲ್ದಾರ್ ಜೊತೆಗೆ ಎ.ಸಿ., ಡಿ.ಸಿ. ಕಚೇರಿಗೂ ಒಂದೊಂದು ಪ್ರತಿ ಹೋಗಲಿ.

ಗಡುವು ಮುಗಿದ ಮೇಲೆ ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು?

ಒಂದು ವರ್ಷ. ನಿಂದನೆ ಕಾಯ್ದೆಯ ಕಲಂ 20 ಹೀಗೆನ್ನುತ್ತದೆ. ಲೆಕ್ಕ ಶುರುವಾಗುವುದು ಆದೇಶದ ದಿನದಿಂದಲ್ಲ, ಉಲ್ಲಂಘನೆಯಾದ ದಿನದಿಂದ. ಉದಾಹರಣೆಗೆ ಪ್ರತಿ ತಲುಪಿದ ದಿನದಿಂದ 8 ವಾರ ಎಂದು ಆದೇಶವಿದ್ದು, ನೀವು 2025ರ ಏಪ್ರಿಲ್ 1ರಂದು ಪ್ರತಿ ಕೊಟ್ಟಿದ್ದರೆ, ಗಡುವು ಮೇ 27ಕ್ಕೆ ಮುಗಿಯುತ್ತದೆ. ಅಲ್ಲಿಂದ ವರ್ಷದೊಳಗೆ ಅರ್ಜಿ ದಾಖಲಾಗಿರಬೇಕು. ದಾಖಲಾದ ಮೇಲೆ ಕೋರ್ಟಿನಲ್ಲಿ ತಡವಾದರೆ ಅದು ನಿಮ್ಮ ತಲೆಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟಿನ 2001ರ ಪಲ್ಲವ್ ಶೇಠ್ ತೀರ್ಪು ಸ್ಪಷ್ಟಪಡಿಸಿದೆ.

ಇಂದಿಗೂ ಪಾಲಿಸಿಲ್ಲವಾದ್ದರಿಂದ ಉಲ್ಲಂಘನೆ ದಿನವೂ ಮುಂದುವರಿಯುತ್ತಿದೆ, ಅವಧಿಯ ಪ್ರಶ್ನೆಯೇ ಇಲ್ಲ ಎಂಬ ವಾದವನ್ನು ನೆಚ್ಚಿಕೊಳ್ಳಬೇಡಿ. ತೆಲಂಗಾಣದ ಒಂದು ಭೂವಿವಾದದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟ್ ಇಂಥ ವಾದವನ್ನು ಒಪ್ಪಲಿಲ್ಲ.

ಪ್ರತಿ ವಾರ ಹೋಗಿ ಕೇಳುವುದು, ಅವರು ‘ಮುಂದಿನ ವಾರ ಬನ್ನಿ’ ಎನ್ನುವುದು: ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಮಾರಿಯನ್ನು ದಿನವೂ ವಾಪಸ್ ಕಳಿಸುತ್ತಿದ್ದ ಹಾಗೆ ವರ್ಷ ಕಳೆದುಬಿಡುತ್ತದೆ. ಅವರ ಬಾಯಿಮಾತಿನ ಭರವಸೆಯಿಂದ ಕಲಂ 20ರ ಗಡಿಯಾರ ನಿಲ್ಲುವುದಿಲ್ಲ.

ಅರ್ಜಿ ಎಲ್ಲಿ, ಹೇಗೆ ದಾಖಲಾಗುತ್ತದೆ?

ಬೆಂಗಳೂರಿನ ಪ್ರಧಾನ ಪೀಠ, ಧಾರವಾಡ ಮತ್ತು ಕಲಬುರಗಿ ಪೀಠ, ನಿಮ್ಮ ಜಿಲ್ಲೆ ಯಾವುದಕ್ಕೆ ಸೇರುತ್ತದೋ ಅಲ್ಲಿ. ಕರ್ನಾಟಕ ಹೈಕೋರ್ಟಿನಲ್ಲಿ ಇದಕ್ಕೆ ಸಿ.ಸಿ.ಸಿ. (ಸಿವಿಲ್ ನಿಂದನೆ ಪ್ರಕರಣ) ಎಂದು ನಂಬರ್ ಕೊಡುತ್ತಾರೆ. ನೀವು ‘ದೂರುದಾರ’, ಅಧಿಕಾರಿ ‘ಆರೋಪಿ’. ಸಾಮಾನ್ಯವಾಗಿ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಕೇಳುತ್ತದೆ. ರಿಟ್‌ನಲ್ಲಿ ‘ತಹಸೀಲ್ದಾರ್, ಇಂಥ ತಾಲೂಕು’ ಎಂದು ಹುದ್ದೆ ಬರೆದರೆ ಸಾಕಿತ್ತು. ಇಲ್ಲಿ ಅಧಿಕಾರಿಯ ಹೆಸರು ಬೇಕು, ಏಕೆಂದರೆ ಜವಾಬ್ದಾರಿ ವೈಯಕ್ತಿಕ. ಗಡುವಿನ ಅವಧಿಯಲ್ಲಿ ಆ ಕುರ್ಚಿಯಲ್ಲಿ ಯಾರಿದ್ದರು ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಿ ಬರಹದಲ್ಲಿ ಪಡೆಯಿರಿ. ಅದೇ ಅರ್ಜಿಯಲ್ಲಿ ಕಡತದ ಟಿಪ್ಪಣಿ ಹಾಳೆಗಳನ್ನೂ ಕೇಳಿ. ಆದೇಶ ಬಂದ ಮೇಲೆ ಯಾರು ಏನು ಬರೆದರು, ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು ಎಂಬುದು ಅಲ್ಲಿ ಸಿಗುತ್ತದೆ.

ಅರ್ಜಿಯ ಜೊತೆ ಮೂಲ ಆದೇಶ, ತಲುಪಿಸಿದ ದಾಖಲೆ ಮತ್ತು ಗಡುವು ಮುಗಿದ ನಂತರದ ದಿನಾಂಕದ ಪಹಣಿ ಇರಲೇಬೇಕು. ಪಹಣಿ ಹಳೆಯದಾದರೆ ‘ಈಗಾಗಲೇ ತಿದ್ದಿದ್ದೇವೆ’ ಎಂಬ ಉತ್ತರಕ್ಕೆ ನಿಮ್ಮಲ್ಲಿ ಮರುಮಾತಿರುವುದಿಲ್ಲ.

ಆ ತಹಸೀಲ್ದಾರ್ ವರ್ಗವಾಗಿ ಹೋದರು. ಈಗ?

ಹೊಸಬರಿಗೆ ಅವರ ಹೆಸರಿಗೇ ಆದೇಶದ ಪ್ರತಿ ಕಳಿಸಿ, ಪಾಲಿಸಲು ಸ್ವಲ್ಪ ಸಮಯ ಕೊಡಿ. ಗೊತ್ತಾದ ಮೇಲೂ ಸುಮ್ಮನಿದ್ದರೆ ಅವರೂ ಹೊಣೆ. ಹಳಬರು ತಮ್ಮ ಅವಧಿಯಲ್ಲಿ ಉಲ್ಲಂಘಿಸಿದ್ದರೆ ವರ್ಗವಾದ ಮಾತ್ರಕ್ಕೆ ಅವರು ಪಾರಾಗುವುದಿಲ್ಲ. ಆದರೆ ಹಳಬರ ಅವಧಿಯ ಗಡಿಯಾರ ಓಡುತ್ತಲೇ ಇರುತ್ತದೆ, ಹೊಸಬರಿಗೆ ಸಮಯ ಕೊಡುವ ನೆಪದಲ್ಲಿ ಅದನ್ನು ಮರೆಯಬೇಡಿ.

‘ಅಪೀಲು ಹಾಕಿದ್ದೇವೆ’ ಎನ್ನುತ್ತಿದ್ದಾರೆ. ಕಾಯಬೇಕೇ?

ಅಪೀಲು ಹಾಕಿದ ಮಾತ್ರಕ್ಕೆ ತಡೆ ಸಿಕ್ಕಂತಲ್ಲ. ತಡೆಯಾಜ್ಞೆ ಇದ್ದರೆ ತೋರಿಸಲಿ, ಇಲ್ಲದಿದ್ದರೆ ಆದೇಶ ಜೀವಂತವಾಗಿಯೇ ಇದೆ. ಏಕಸದಸ್ಯ ಪೀಠದ ಆದೇಶದ ಮೇಲೆ ರಿಟ್ ಮೇಲ್ಮನವಿಗೆ ಇರುವುದು 30 ದಿನ. ಬಹಳ ಸಲ ಸರ್ಕಾರ ನಿಂದನೆ ನೋಟಿಸ್ ಬಂದ ಮೇಲೆಯೇ ವಿಳಂಬ ಮನ್ನಿಸಿ ಎಂಬ ಅರ್ಜಿಯೊಂದಿಗೆ ಅಪೀಲಿಗೆ ಓಡುತ್ತದೆ. ತಡೆ ಕೋರಿದ ಅರ್ಜಿ ಬಾಕಿ ಇದ್ದರೆ ಅದನ್ನು ಮೊದಲು ತೀರ್ಮಾನಿಸಲಿ ಎಂದು ನಿಂದನೆ ಪೀಠ ಸ್ವಲ್ಪ ಕಾಲ ಕೊಡುವುದುಂಟು. ಅದು ನ್ಯಾಯವೇ, ಆದರೆ ಪ್ರತಿ ವಿಚಾರಣೆಗೂ ಅದೇ ಮಾತು ಬಂದರೆ ಅಪೀಲಿನ ಸ್ಥಿತಿಗತಿಯ ಪ್ರಿಂಟ್ ತೆಗೆದು ಪೀಠದ ಮುಂದಿಡಿ. ಎಷ್ಟೋ ಅಪೀಲುಗಳು ಕಚೇರಿ ಆಕ್ಷೇಪಣೆ ಸರಿಪಡಿಸದೆ ಹಾಗೇ ಬಿದ್ದಿರುತ್ತವೆ.

‘ಸಾಫ್ಟ್‌ವೇರ್ ತಗೊಳ್ಳುತ್ತಿಲ್ಲ’, ‘ಪೋಡಿ ಆಗಿಲ್ಲ’, ‘ಆಕಾರಬಂದ್ ತಾಳೆ ಆಗುತ್ತಿಲ್ಲ’: ಇವು ಒಪ್ಪುವ ಕಾರಣಗಳೇ?

ಕೆಲವೊಮ್ಮೆ ನಿಜವಾದ ಕಾರಣಗಳೇ. ಪೋಡಿ ಎಂದರೆ ಸರ್ವೆ ನಂಬರನ್ನು ಅಳೆದು ತುಂಡು ಬೇರ್ಪಡಿಸುವುದು, ಆಕಾರಬಂದ್ ಎಂದರೆ ಸರ್ವೆ ನಂಬರಿನ ವಿಸ್ತೀರ್ಣ ಹೇಳುವ ಮೂಲ ಸರ್ವೆ ದಾಖಲೆ. ಒಂದು ಸರ್ವೆ ನಂಬರಿಗೆ ಆಕಾರಬಂದ್‌ನಲ್ಲಿ 4 ಎಕರೆ ಇದ್ದು, ಎಲ್ಲರ ಪಹಣಿ ಕೂಡಿದರೆ 4 ಎಕರೆ 20 ಗುಂಟೆ ಬರುತ್ತದೆ ಅನ್ನಿ. ಕೋರ್ಟ್ ನಿಮಗೆ 2 ಎಕರೆ 10 ಗುಂಟೆ ನಮೂದಿಸಿ ಎಂದಿದೆ. ಹೆಚ್ಚುವರಿ 20 ಗುಂಟೆ ಯಾರದರಲ್ಲಿ ಕಡಿಯಬೇಕು? ತುಂಡು ಬೇರ್ಪಡದೆ ಒಂದೇ ನಂಬರಿನಲ್ಲಿ ಹಲವರಿರುವ ಹಳೆಯ ಪೈಕಿ ಪಹಣಿಗಳ ಕಡೆ ಇದು ದಿನನಿತ್ಯದ ತಲೆನೋವು. ಭೂಮಿ ತಂತ್ರಾಂಶದಲ್ಲಿ ವಿಸ್ತೀರ್ಣ ತಾಳೆಯಾಗದೆ ವ್ಯವಹಾರ ಮುಂದೆ ಹೋಗದಿರುವುದೂ ಉಂಟು.

ಆದರೆ ತೊಡಕಿದ್ದರೆ ಅಧಿಕಾರಿ ಮಾಡಬೇಕಾದದ್ದು ಕೋರ್ಟಿಗೆ ಬಂದು ಅದನ್ನು ಹೇಳಿ ಕಾಲಾವಕಾಶ ಅಥವಾ ಸ್ಪಷ್ಟೀಕರಣ ಕೇಳುವುದು, ಅದೂ ಗಡುವು ಮುಗಿಯುವ ಮೊದಲು. ಸುಮ್ಮನೆ ಕೂತು, ನೋಟಿಸ್ ಬಂದ ಮೇಲೆ ಸರ್ವೆ ಇಲಾಖೆಯತ್ತ ಕೈ ತೋರಿಸಿದರೆ ಪೀಠ ಕೇಳುವ ಮೊದಲ ಪ್ರಶ್ನೆ: ಸರ್ವೆ ಇಲಾಖೆಗೆ ಪತ್ರ ಬರೆದ ದಿನಾಂಕ ಯಾವುದು? ಆ ಪತ್ರದ ದಿನಾಂಕ ನೋಟಿಸ್ ತಲುಪಿದ ಮರುದಿನದ್ದಾಗಿದ್ದರೆ ಉಳಿದದ್ದನ್ನು ನೀವು ವಾದಿಸಬೇಕಿಲ್ಲ. ಪೋಡಿ, ದುರಸ್ತಿ ಬೇಕಾಗುವ ಜಮೀನಾದರೆ ರಿಟ್‌ನಲ್ಲೇ ಭೂದಾಖಲೆಗಳ ಸಹಾಯಕ ನಿರ್ದೇಶಕರನ್ನೂ ಪಕ್ಷಕಾರರನ್ನಾಗಿ ಮಾಡಿಕೊಂಡಿರುವುದು ಜಾಣತನ.

ಆದೇಶವೇ ತಪ್ಪು, ಕಾನೂನಿಗೆ ವಿರುದ್ಧ ಎಂದು ಅಧಿಕಾರಿ ವಾದಿಸಬಹುದೇ?

ನಿಂದನೆ ಪೀಠದ ಮುಂದೆ ಅಲ್ಲ. ತಪ್ಪೆನಿಸಿದರೆ ಅಪೀಲು ಅಥವಾ ಮರುಪರಿಶೀಲನೆ. ರದ್ದಾಗುವವರೆಗೆ ಪಾಲಿಸಬೇಕು.

ನೋಟಿಸ್ ಹೋದ ಮೇಲೆ ಏನಾಗುತ್ತದೆ?

ಬಹುತೇಕ ಪ್ರಕರಣಗಳಲ್ಲಿ ನಡೆಯುವುದು ಇದು: ವರ್ಷದಿಂದ ಅಲ್ಲಾಡದ ಕಡತಕ್ಕೆ ಕಾಲು ಬರುತ್ತದೆ. ಗ್ರಾಮ ಆಡಳಿತ ಅಧಿಕಾರಿ ತಾವಾಗಿಯೇ ಫೋನ್ ಮಾಡಿ ಆಧಾರ್ ಪ್ರತಿ ಕೇಳುತ್ತಾರೆ. ಎರಡನೇ ವಿಚಾರಣೆಯ ಹೊತ್ತಿಗೆ ಸರ್ಕಾರಿ ವಕೀಲರು ಆದೇಶ ಪಾಲಿಸಿದ್ದೇವೆ ಎಂಬ ಅನುಪಾಲನಾ ಪ್ರಮಾಣಪತ್ರ, ಹೊಸ ಪಹಣಿ ಸಲ್ಲಿಸುತ್ತಾರೆ, ಅರ್ಜಿ ಮುಕ್ತಾಯ. ಶಿಕ್ಷೆ ಆಗಲಿಲ್ಲವಲ್ಲ ಎಂದು ಕೆಲವರಿಗೆ ಅಸಮಾಧಾನ. ಆದರೆ ಕಾನೂನಿನ ಕಣ್ಣಿನಲ್ಲಿ ನಿಂದನೆ ಎಂಬುದು ಕೋರ್ಟಿಗೂ ಅಧಿಕಾರಿಗೂ ನಡುವಿನ ಸಂಗತಿ. ನೀವು ಅದನ್ನು ಕೋರ್ಟಿನ ಗಮನಕ್ಕೆ ತಂದವರು, ಅಷ್ಟೇ. ಶಿಕ್ಷೆ ಕೇಳಿ ಹಠ ಹಿಡಿಯುವ ಹಕ್ಕು ನಿಮ್ಮದಲ್ಲ.

ಅನುಪಾಲನಾ ಪ್ರಮಾಣಪತ್ರ ಬಂದ ದಿನ ಮಾತ್ರ ಎಚ್ಚರ ಬೇಕು. ಹೆಸರು ಬಂದಿದೆಯೇ ಎಂದಷ್ಟೇ ನೋಡಬೇಡಿ. ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ಭಾಗ), ಕಾಲಂ 10ರಲ್ಲಿ ಸ್ವಾಧೀನದ ಬಗೆ, ಕಾಲಂ 11ರಲ್ಲಿ ಹಳೆಯ ಸಾಲ ಅಥವಾ ನಿರ್ಬಂಧ ಹಾಗೇ ಉಳಿದಿದೆಯೇ ಎಂದೂ ನೋಡಿ. ಕೋರ್ಟಿಗೆ ತೋರಿಸಲು ‘ಮ್ಯುಟೇಶನ್ ಪ್ರಕ್ರಿಯೆ ಆರಂಭಿಸಲಾಗಿದೆ’ ಎಂಬ ಸ್ಕ್ರೀನ್ ಪ್ರಿಂಟ್ ತಂದು, ಅರ್ಜಿ ಮುಗಿದ ಮೇಲೆ ತಕರಾರು ಬಂದಿದೆ ಎಂದು ನಿಲ್ಲಿಸಿಬಿಟ್ಟ ಸಂದರ್ಭಗಳಿವೆ. ಪ್ರಕ್ರಿಯೆ ಮುಗಿದು ಪಹಣಿ ಕೈಗೆ ಬರುವವರೆಗೆ ಅರ್ಜಿ ಬಾಕಿ ಇಡಿ ಎಂದು ಕೇಳಿ. ಅದು ಆಗದಿದ್ದರೆ, ಪಾಲಿಸದಿದ್ದಲ್ಲಿ ಅರ್ಜಿಯನ್ನು ಮತ್ತೆ ಜೀವಂತಗೊಳಿಸುವ ಸ್ವಾತಂತ್ರ್ಯವನ್ನಾದರೂ ಆದೇಶದಲ್ಲಿ ಬರೆಸಿಕೊಳ್ಳಿ.

ಅಧಿಕಾರಿ ಖುದ್ದಾಗಿ ಬಂದು ನಿಲ್ಲಬೇಕೇ?

ಈಗ ಮೊದಲಿನಷ್ಟು ಸುಲಭಕ್ಕೆ ಕರೆಸುವುದಿಲ್ಲ. ಉತ್ತರ ಪ್ರದೇಶದ ಹಿರಿಯ ಅಧಿಕಾರಿಗಳನ್ನು ಅಲಹಾಬಾದ್ ಹೈಕೋರ್ಟ್ ವಶಕ್ಕೆ ತೆಗೆದುಕೊಂಡ ಪ್ರಕರಣದಲ್ಲಿ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿತು: ಪ್ರಮಾಣಪತ್ರದಲ್ಲಿ ಮುಗಿಯುವ ವಿಷಯಕ್ಕೆ ಖುದ್ದು ಹಾಜರಿ ಬೇಡ, ಬೇಕಾದರೂ ಮೊದಲ ಆಯ್ಕೆ ವಿಡಿಯೊ ಮೂಲಕ, ಅವರ ಉಡುಪಿನ ಬಗ್ಗೆ ಟೀಕೆ ಸಲ್ಲ. ಆದರೂ ಸತತ ಉಲ್ಲಂಘನೆ ಕಂಡರೆ ಕರೆಸುವ ಅಧಿಕಾರ ಕೋರ್ಟಿಗೆ ಇದ್ದೇ ಇದೆ.

ಶಿಕ್ಷೆ ಏನು? ನಿಜವಾಗಿ ಯಾರಿಗಾದರೂ ಆಗಿದೆಯೇ?

ಕಲಂ 12ರಲ್ಲಿ ಗರಿಷ್ಠ 6 ತಿಂಗಳ ಸಾದಾ ಸಜೆ, 2,000 ರೂಪಾಯಿವರೆಗೆ ದಂಡ. ಸಿವಿಲ್ ನಿಂದನೆಯಲ್ಲಿ ಮೊದಲು ದಂಡವನ್ನೇ ಯೋಚಿಸಬೇಕು, ಅದು ಸಾಲದು ಅನಿಸಿದರೆ ಮಾತ್ರ ಸಿವಿಲ್ ಬಂಧನ. 1971ರ ಎರಡು ಸಾವಿರ ಇಂದಿಗೂ ಎರಡು ಸಾವಿರವೇ. ಕ್ಷಮೆ ಪ್ರಾಮಾಣಿಕ ಎನಿಸಿದರೆ ಕೋರ್ಟ್ ಬಿಡಬಹುದು. ಬಾಗಿಲಿಗೆ ಬಂದ ಮೇಲಿನ ಕಣ್ಣೊರೆಸುವ ಕ್ಷಮೆಯನ್ನು ತಿರಸ್ಕರಿಸಲೂಬಹುದು.

ಆಗಿರುವ ಉದಾಹರಣೆಗಳಿವೆ. ಕರ್ನಾಟಕದ ಹಿರಿಯ ಐಎಎಸ್ ಅಧಿಕಾರಿ ಜೆ. ವಾಸುದೇವನ್ ಅವರಿಗೆ 1995ರಲ್ಲಿ ಸುಪ್ರೀಂ ಕೋರ್ಟ್ ಒಂದು ತಿಂಗಳ ಸಜೆ ವಿಧಿಸಿತು. ಅದು ಸೇವಾ ವಿಷಯದ ಆದೇಶ. ಜಮೀನಿಗೆ ಹತ್ತಿರದ್ದು ಆಂಧ್ರದ ಪ್ರಕರಣ: ಗುಂಟೂರು ಜಿಲ್ಲೆಯಲ್ಲಿ ತಹಸೀಲ್ದಾರರೊಬ್ಬರು ಹೈಕೋರ್ಟಿನ ಆದೇಶವಿದ್ದರೂ 2014ರ ಜನವರಿಯಲ್ಲಿ ಗುಡಿಸಲುಗಳನ್ನು ತೆರವು ಮಾಡಿಸಿದರು. ಹೈಕೋರ್ಟ್ ಎರಡು ತಿಂಗಳ ಸಜೆ ಕೊಟ್ಟಿತು. ಅಷ್ಟರಲ್ಲಿ ಅವರು ಡೆಪ್ಯುಟಿ ಕಲೆಕ್ಟರ್ ಆಗಿದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜೈಲು ತಪ್ಪಿಸಿ, ಮತ್ತೆ ತಹಸೀಲ್ದಾರ್ ಹುದ್ದೆಗೆ ಹಿಂಬಡ್ತಿ ನೀಡಿ, ಒಂದು ಲಕ್ಷ ರೂಪಾಯಿ ದಂಡ ಹಾಕಿತು. ಇದನ್ನು ಓದಿ ನಮ್ಮ ತಾಲೂಕಿನಲ್ಲೂ ಹೀಗೇ ಆಗುತ್ತದೆ ಅಂದುಕೊಳ್ಳಬೇಡಿ. ನೋಟಿಸ್ ನಂತರ ಪಾಲಿಸಿದ ಅಧಿಕಾರಿಗೆ ಶಿಕ್ಷೆಯಾಗುವುದು ಅಪರೂಪ.

ಅರ್ಜಿ ವಜಾ ಆದರೆ ಅಪೀಲು ಇದೆಯೇ?

ಕಲಂ 19ರ ಅಪೀಲು ಶಿಕ್ಷೆಯಾದವರಿಗೆ ಮಾತ್ರ. ವಿಭಾಗೀಯ ಪೀಠ ಶಿಕ್ಷಿಸಿದರೆ ಅಧಿಕಾರಿ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ ಹೋಗಬಹುದು. ವಜಾ ಆದರೆ ನಿಮಗೆ ಉಳಿಯುವುದು ಸುಪ್ರೀಂ ಕೋರ್ಟಿನಲ್ಲಿ ಸಂವಿಧಾನದ 136ನೇ ವಿಧಿಯ ವಿಶೇಷ ಅನುಮತಿ ಅರ್ಜಿ. ಪಹಣಿ ಜಗಳಕ್ಕೆ ದೆಹಲಿವರೆಗೆ ಹೋಗುವ ಮೊದಲು ಹೊಸ ರಿಟ್ ಹಾಕುವುದು ಅಗ್ಗವೇ ಎಂದು ಲೆಕ್ಕ ಹಾಕಿ.

ಓಡಾಡಿದ ಖರ್ಚು, ಬೆಳೆ ಸಾಲ ತಪ್ಪಿದ ನಷ್ಟ ಇದರಲ್ಲಿ ಸಿಗುತ್ತದೆಯೇ?

ನಷ್ಟ ಪರಿಹಾರಕ್ಕೆ ಇದು ಜಾಗವಲ್ಲ. ಅದಕ್ಕೆ ಪ್ರತ್ಯೇಕ ದಾವೆ ಬೇಕು. ಇಲಾಖಾ ವಿಚಾರಣೆ ಕೋರಿ ಡಿ.ಸಿ.ಗೆ ದೂರು, ದುರಾಡಳಿತದ ಬಗ್ಗೆ ಲೋಕಾಯುಕ್ತಕ್ಕೆ ದೂರು, ಇವೂ ಬೇರೆ ದಾರಿಗಳೇ. ಅವು ನಡೆಯುತ್ತಿವೆ ಎಂದು ನಿಂದನೆ ಅರ್ಜಿಯ ಒಂದು ವರ್ಷ ವಿಸ್ತರಣೆಯಾಗುವುದಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರನ್ನು ಪಡೆಯಬಹುದು. ಇತರರಿಗೆ ಆದಾಯ ಮಿತಿ ಇದೆ. ಹೈಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100. ಸ್ವತಃ ವಾದಿಸಲೂ ಅವಕಾಶವಿದೆ.

ನಾನು ವಿದೇಶದಲ್ಲಿದ್ದೇನೆ, ಜಮೀನು ಊರಿನಲ್ಲಿದೆ.

ಊರಿನಲ್ಲಿರುವ ನಂಬಿಕಸ್ಥರಿಗೆ ಅಧಿಕಾರಪತ್ರ ಕೊಟ್ಟು ಅವರ ಮೂಲಕ ಮುಂದುವರಿಯಬಹುದು. ಅದನ್ನು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ, ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿ. ಅಧಿಕಾರಪತ್ರದಲ್ಲಿ ಮೊಕದ್ದಮೆ ನಡೆಸುವ ಅಧಿಕಾರ ಮಾತ್ರ ಇರಲಿ. ಮಾರುವ ಅಧಿಕಾರವನ್ನೂ ಸೇರಿಸಿ ಕಳಿಸಿದರೆ, ಪಹಣಿಗೆ ನಿಮ್ಮ ಹೆಸರು ಬಂದ ತಿಂಗಳಲ್ಲೇ ಅದು ಇನ್ನೊಬ್ಬರ ಹೆಸರಿಗೆ ಹೋಗಿರಬಹುದು, ಆಗ ಹಾಕಬೇಕಾದ ಮೊಕದ್ದಮೆಯೇ ಬೇರೆ.